ತೊಟ್ಟಿಯೊಳಗಿನ ಗೋದಲಿ

ದಾದಿಯಮ್ಮನ ಮನೆಯಲ್ಲಿ ಬಚ್ಚಲು ಒಂದೇ; ಆ ಬಚ್ಚಲಿನಲ್ಲಿ ಆಳುದ್ದದ ಬಿಳಿ ತೊಟ್ಟಿಯೂ ಒಂದೇ. ಐದು ಜನರ ಸಂಸಾರ ಇಷ್ಟು ವರ್ಷ ಬಾಗಿಲು ಬಡಿದುಕೊಂಡು, ಸರದಿಗಾಗಿ ಕಿತ್ತಾಡಿಕೊಂಡು, ಹೇಗೋ ಆ ಒಂದೇ ತೊಟ್ಟಿಯಲ್ಲಿ ಮೈ ತೊಳೆದುಕೊಂಡು ಬಂದಿತ್ತು. ಅಂಥ ತೊಟ್ಟಿಯನ್ನು ಸೊಸೆ ಒಂದು ಸೋಮವಾರ ಬೆಳಿಗ್ಗೆ ಯಾರನ್ನೂ ಕೇಳದೆ ಒಂದು ಹಳೆಯ ಚಿತ್ರಕ್ಕೆ ಬಿಟ್ಟುಕೊಟ್ಟಳು.

‘ಯಾರನ್ನೂ ಕೇಳದೆ’ ಎಂಬುದು ದಾದಿಯಮ್ಮನ ಮಾತು. ಸೊಸೆಯ ಪ್ರಕಾರ ಅವಳು ಭಾನುವಾರ ಊಟದ ಹೊತ್ತಿಗೆ ಎಲ್ಲರ ಎದುರೇ ಕೇಳಿದ್ದಳು. ಆಗ ಮಾವ ಮೊಟ್ಟೆ ಸುಲಿಯುತ್ತಿದ್ದರು, ಗಂಡ ತಲೆಯೆತ್ತದೆ ಹೂಂ ಅಂದಿದ್ದ, ಅತ್ತೆ ತಟ್ಟೆ ತೊಳೆಯದ ಮೊಮ್ಮಗಳನ್ನು ಬೈಯುವುದರಲ್ಲಿ ಮುಳುಗಿದ್ದರು.

ದಾದಿಯಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿ ತಲೆ ನರೆಯುವ ತನಕ ದುಡಿದವಳು. ಆ ಬೀದಿಯ ಅರ್ಧ ಜನ ಭೂಮಿಗೆ ಬೀಳುವ ಮೊದಲು ಅವಳ ಕೈಗೆ ಬಿದ್ದವರು. ಗಂಡ ನಗರದ ಬಸ್ಸು ಓಡಿಸಿ ನಿವೃತ್ತನಾದವನು. ಅವನನ್ನು ಇಂದಿಗೂ ಎಲ್ಲರೂ ಕರೆಯುವುದು ಡ್ರೈವರಪ್ಪ ಎಂದೇ. ಮಗನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಮೊಮ್ಮಗಳು ಕಾಲೇಜಿನ ಹುಡುಗಿ. ಸೊಂಟದುದ್ದ ಕೂದಲು, ಅದಕ್ಕಿಂತ ಉದ್ದ ನಾಲಿಗೆ. ಸೊಸೆ ದೊಡ್ಡ ಗ್ರಂಥಾಲಯದಲ್ಲಿ ಹರಿದ ಪುಸ್ತಕ, ಹಳೆಯ ನಕ್ಷೆಗಳನ್ನು ರಿಪೇರಿ ಮಾಡುತ್ತಿದ್ದಳು. ಚಳಿಗಾಲ ಮುಗಿಯುತ್ತಿದ್ದಂತೆ ಆ ಕೆಲಸ ಬಿಟ್ಟು ಮನೆಯ ಹಿಂದಿನ ಕೋಣೆಯಲ್ಲೇ ಸ್ವಂತವಾಗಿ ಶುರುಮಾಡಿದ್ದಳು.

“ಕೈತುಂಬ ಸಂಬಳ ಬಿಟ್ಟು ಕಾಗದ ತೊಳೆಯೋಕೆ ಕೂತಿದಾಳೆ” ಎಂದು ದಾದಿಯಮ್ಮ ನೆರೆಯವರ ಹತ್ತಿರ ಹೇಳುತ್ತಿದ್ದಳು. ಅದು ಬಾಯಿಮಾತಿನ ಕುಹಕವಾಗಿತ್ತು. ಈಗ ನೋಡಿದರೆ ಅದೇ ನಿಜವಾಗಿ, ಸೊಸೆ ಅಂಗಿಯ ತೋಳು ಮಡಚಿ, ತೊಟ್ಟಿಗೆ ಉಗುರುಬೆಚ್ಚನೆ ನೀರು ತುಂಬಿಸಿ, ಬಾಗಿಲಿನಷ್ಟು ಅಗಲದ ಒಂದು ಕಪ್ಪು ಚಿತ್ರವನ್ನು ಅದರಲ್ಲಿ ಮಲಗಿಸಿದ್ದಳು.

“ಏನೇ ಇದು?”

“ಯೇಸು ಹುಟ್ಟಿದ ಚಿತ್ರ ಅತ್ತೆ. ಬೀದಿ ಕೊನೆಯ ಚರ್ಚಿಂದು. ಸೂರು ಸೋರಿ ನೆಂದುಹೋಗಿದೆ. ತಾಮ್ರದ ತಗಡಲ್ಲಿ ಗೆರೆ ಕೊರೆದು ಅಚ್ಚು ಹಾಕಿರೋದು. ಮುನ್ನೂರು ವರ್ಷದ ಹಿಂದಿನ ಬರೋಕ್ ಕಾಲದ್ದು.”

“ಬರೋಕೋ, ಹೋಗೋಕೋ! ನನಗೆ ಸ್ನಾನಕ್ಕೆ ಹೋಗೋಕೆ ಆಗ್ತಿಲ್ಲ, ಅದನ್ನ ಹೇಳು. ಎಷ್ಟು ದಿನ?”

“ಎರಡು ವಾರ. ಹೆಚ್ಚೆಂದ್ರೆ ಮೂರು.”

“ಅಷ್ಟು ದಿನ ನೀರಲ್ಲಿ ನೆನೆಹಾಕಿದ್ರೆ ಕಾಗದ ಕರಗಲ್ವಾ?”

“ಬಟ್ಟೆ ಚಿಂದಿ ಅರೆದು ಮಾಡಿದ ಕಾಗದ ಇದು, ಗಟ್ಟಿ. ಶಾಯಿಗೆ ಎಣ್ಣೆ ಬೆರೆಸಿದಾರೆ, ನೀರಿಗೆ ಜಗ್ಗಲ್ಲ. ಯಾರೋ ಪುಣ್ಯಾತ್ಮರು ಹಿಂದುಗಡೆ ರಟ್ಟಿಗೆ ಗೋಂದು ಬಳಿದು ಅಂಟಿಸಿಬಿಟ್ಟಿದಾರೆ. ಎಳೆದ್ರೆ ಹರಿಯುತ್ತೆ. ಅದು ತಾನಾಗೇ ಬಿಡೋ ತನಕ ಕಾಯಬೇಕು.”

ಕಾಯುವುದು ಏನೆಂದು ದಾದಿಯಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಕಾಯಬೇಕಾದದ್ದು ಅವಳ ಮಂಡಿಗಳು. ನಿಂತು ನಿಂತು ಸವೆದ ಆ ಮಂಡಿಗಳಿಗೆ ಸಂಜೆ ಒಂದು ಗಳಿಗೆ ಬಿಸಿನೀರಿನಲ್ಲಿ ಮುಳುಗುವುದೇ ದಿನದ ಸುಖ. ಈಗ ಅವಳ ಜಾಗದಲ್ಲಿ ಕುರಿಗಾಹಿಗಳು ಮುಳುಗಿದ್ದರು.

ಮನೆಯವರು ತಮ್ಮ ತಮ್ಮ ದಾರಿ ನೋಡಿಕೊಂಡರು. ಮೊಮ್ಮಗಳು ತಲೆ ತೊಳೆಯಲು ಗೆಳತಿಯ ಮನೆಗೆ ಹೋಗಿ ಕತ್ತಲಾಗುವ ತನಕ ಹರಟಿಬಂದಳು. ಮಗ ಅಂಗಡಿಯ ಹಿಂಬದಿಯ ನಲ್ಲಿಯಲ್ಲಿ ಕೆಲಸ ಮುಗಿಸಿಕೊಂಡ. ಡ್ರೈವರಪ್ಪ ಹಳೆಯ ಡಿಪೋದಲ್ಲಿ ಸ್ನಾನ ಮಾಡಿ, ಅಲ್ಲೇ ಗೆಳೆಯರ ಜೊತೆ ಇಸ್ಪೀಟು ಆಡಿ, ಎಂದೂ ಇಲ್ಲದಷ್ಟು ಶುಚಿಯಾಗಿಯೂ ಖುಷಿಯಾಗಿಯೂ ಮರಳಿದ. ದಾದಿಯಮ್ಮ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅಡುಗೆಮನೆಯಲ್ಲಿ ಬಕೆಟ್ಟು ಇಟ್ಟುಕೊಂಡು, ಸೊಸೆಗೆ ಕೇಳುವಂತೆ ಚೊಂಬಿನ ಸದ್ದು ಮಾಡಿಕೊಂಡು ಮೈ ತೊಳೆದಳು.

ಹಲ್ಲುಜ್ಜಲು ಬಚ್ಚಲಿಗೆ ಹೋದಾಗಲೆಲ್ಲ ಆ ಚಿತ್ರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಮುರುಕು ಸೂರಿನ ಒಂದು ಕೊಟ್ಟಿಗೆ. ನಡುವೆ ದನಗಳಿಗೆ ಮೇವು ಹಾಕುವ ಗೋದಲಿ. ಅದರಲ್ಲಿ ಹುಲ್ಲಿನ ಮೇಲೆ ಮಗು. ಬೆಳಕೆಲ್ಲ ಆ ಮಗುವಿನ ಮೈಯಿಂದಲೇ ಹೊರಟು ಸುತ್ತಲಿನ ಮುಖಗಳಿಗೆ ಹೊಡೆಯುತ್ತಿತ್ತು. ಮಂಡಿಯೂರಿದ ತಾಯಿ, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಇಣುಕುವ ಕುರಿಗಾಹಿಗಳು, ಹಸು, ಕತ್ತೆ, ಮೇಲೆ ಹಿಂಡುಗಟ್ಟಿದ ಮೋಡದಲ್ಲಿ ತಲೆಕೆಳಗಾಗಿ ಉರುಳುವ ದೇವದೂತರು. ತಂದೆ ಯೋಸೇಫ ಮಾತ್ರ ಲಾಟೀನು ಹಿಡಿದು, ಇದೆಲ್ಲಕ್ಕೂ ತನಗೂ ಸಂಬಂಧವಿಲ್ಲ ಎಂಬಂತೆ ಮುಖ ಆಚೆ ತಿರುಗಿಸಿ ನಿಂತಿದ್ದ. ಅವನ ಕಾಲ ಬಳಿ, ಕೆಳಗಿನ ಮೂಲೆಯಲ್ಲಿ, ಅಂಗೈಯಗಲದ ಒಂದು ಕಂದು ತೇಪೆ.

ಒಂದು ಸಂಜೆ ಊಟದ ಮೇಜಿನಲ್ಲಿ ದಾದಿಯಮ್ಮ ತಡೆಯಲಾರದೆ ಬಾಯಿಬಿಟ್ಟಳು.

“ಆ ಚಿತ್ರ ಬರೆದವನು ಹುಟ್ಟಿದ ಕೂಸನ್ನ ಕಣ್ಣಾರೆ ಕಂಡಿಲ್ಲ.”

“ಯಾಕಜ್ಜಿ?” ಎಂದಳು ಮೊಮ್ಮಗಳು.

“ಆಗಷ್ಟೇ ಹುಟ್ಟಿದ್ದು ಅಂತೆ. ತಲೆ ನೆಟ್ಟಗೆ ಎತ್ತಿ ನೋಡ್ತಾ ಇದೆ! ಮೂರು ತಿಂಗಳಾದ್ರೂ ಆಗಿರಬೇಕು ಅದಕ್ಕೆ.”

“ಅದು ದೇವರ ಮಗು, ಅಜ್ಜಿ.”

“ದೇವರ ಮಗು ಆದ್ರೂ ಹುಟ್ಟೋ ದಾರಿ ಒಂದೇ ಕಣೇ. ಆ ತಾಯಿನ ನೋಡು, ಹೆತ್ತ ಗಳಿಗೇಲೇ ಮಂಡಿಯೂರಿ ಕೂತಿದಾಳೆ. ಯಾರಾದ್ರೂ ಅವಳನ್ನ ಮಲಗಿಸಬಾರದಾ? ಗಂಡಸರ ಹಿಂಡು ಬೇರೆ ಒಳಗೆ ನುಗ್ಗಿದೆ. ನನ್ನ ವಾರ್ಡಲ್ಲಾಗಿದ್ರೆ ಒಬ್ಬೊಬ್ಬರನ್ನೂ ಕಿವಿ ಹಿಡಿದು ಆಚೆ ದಬ್ತಿದ್ದೆ. ಅದ್ಯಾವನೋ ನಾಯಿ ಬೇರೆ ತಂದಿದಾನೆ.”

“ಅದು ನಾಯಿ ಅಲ್ಲ ಅತ್ತೆ, ಕುರಿಮರಿ” ಎಂದಳು ಸೊಸೆ.

“ಬಾಲ ನಾಯಿದೇ.”

“ಕಾಲು ಕಟ್ಟಿದಾರೆ, ನೋಡಿ. ಕಾಣಿಕೆ ತಂದಿರೋದು.”

“ಏನಾದ್ರೂ ಇರಲಿ, ಹೆರಿಗೆ ಮನೆಗೆ ಯಾಕೆ ತರಬೇಕು? ಆ ಅಪ್ಪ ಅನ್ನಿಸಿಕೊಂಡವನೋ, ಮುಖ ಊದಿಸಿಕೊಂಡು ನಿಂತಿದಾನೆ. ಹೊಸ ಅಪ್ಪಂದಿರು ಹಾಗೇನೇ, ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗಲ್ಲ.”

“ನಾನು ಎಲ್ಲಿ ನಿಂತಿದ್ದೆ?” ಎಂದು ಡ್ರೈವರಪ್ಪ ಕೇಳಿದ.

“ನೀವು ಬಸ್ಸಲ್ಲಿ ಕೂತಿದ್ರಿ.”

ಎಲ್ಲರೂ ನಕ್ಕರು, ಸೊಸೆಯೂ ನಕ್ಕಳು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಮಗ ಬ್ರೆಡ್ಡು ಮುರಿಯುತ್ತ, “ಇನ್ನೆಷ್ಟು ದಿನ ಇದು? ಅಂಗಡಿಯವರು ನನ್ನ ಸೋಪಿನ ಡಬ್ಬಿ ನೋಡಿ ನಗ್ತಾರೆ” ಅಂದುಬಿಟ್ಟ. ಸೊಸೆಯ ನಗು ನಿಂತುಹೋಯಿತು.

“ಇದೊಂದು ಸರಿಯಾಗಿ ಆಗಲಿ. ಆ ಚರ್ಚಲ್ಲಿ ಇಂಥವು ಗೋಡೆ ತುಂಬ ಇವೆ. ಇದು ಕೆಟ್ರೆ ಈ ಊರಲ್ಲಿ ಯಾರೂ ನನ್ನ ಕೈಗೆ ಒಂದು ಚೀಟಿ ಕೂಡ ಕೊಡಲ್ಲ.”

“ಕೆಟ್ರೆ ಗ್ರಂಥಾಲಯ ಇದ್ದೇ ಇದೆಯಲ್ಲ” ಎಂದಳು ದಾದಿಯಮ್ಮ. ಸಮಾಧಾನಕ್ಕೆ ಅಂದ ಮಾತೇ. ಆದರೆ ಸೊಸೆ ತಟ್ಟೆ ಎತ್ತಿಕೊಂಡು ಎದ್ದಳು.

ಮರುವಾರ ಒಂದು ಮಧ್ಯಾಹ್ನ ಸೊಸೆ ನೀರು ಹೀರುವ ಒತ್ತುಕಾಗದ ತರಲು ಪೇಟೆಗೆ ಹೋದಳು. ಡ್ರೈವರಪ್ಪ ತರಕಾರಿಗೆ ಹೋದ. ಮನೆಯಲ್ಲಿ ಉಳಿದದ್ದು ದಾದಿಯಮ್ಮ ಮತ್ತು ಅವಳ ಮಂಡಿನೋವು. ಹೊರಗೆ ತಣ್ಣನೆ ಗಾಳಿ ಬೀಸುತ್ತಿತ್ತು, ನೋವು ಹಿಂಡುತ್ತಿತ್ತು. ಅವಳು ಬಚ್ಚಲಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಚಿತ್ರದ ಕೆಳಗೆ ಪ್ಲಾಸ್ಟಿಕ್ ಹಾಳೆ ಇತ್ತು. ಹಿಂದಿನ ರಟ್ಟು ಹೆಚ್ಚುಕಡಿಮೆ ಪೂರ್ತಿ ಬಿಟ್ಟಿತ್ತು. ನೀರನ್ನು ಸ್ವಲ್ಪ ಇಳಿಸಿ, ಪ್ಲಾಸ್ಟಿಕ್ ಸಮೇತ ಎತ್ತಿ ಹಲಗೆಯ ಮೇಲಿಟ್ಟು, ತಾನೊಂದು ಗಳಿಗೆ ಕಾಲು ನೆನೆಸಿಕೊಂಡು, ಮತ್ತೆ ಇದ್ದ ಹಾಗೆ ಇಟ್ಟರಾಯಿತು. ಯಾರಿಗೆ ಗೊತ್ತಾಗುತ್ತದೆ? ಎಷ್ಟು ಕೂಸುಗಳನ್ನು ಎತ್ತಿ ಇಳಿಸಿದ ಕೈ ಇದು!

ಬಿರಡೆಯ ಸರಪಳಿ ಹಿಡಿದು ಮೆಲ್ಲಗೆ ಎಳೆದಳು. ಹಳೆಯ ರಬ್ಬರು ಬಿರಡೆ ಬಿಸ್ಕತ್ತಿನ ಹಾಗೆ ಎರಡಾಯಿತು. ಅರ್ಧ ಸರಪಳಿಗೆ ಬಂತು, ಅರ್ಧ ತೂತಿನೊಳಗೆ ಹೋಯಿತು. ನೀರು ಗೊಳಗೊಳನೆ ಸುತ್ತಿ ಇಳಿಯತೊಡಗಿತು. ಮಗು ಸೆರಗು ಹಿಡಿದೆಳೆದಂತೆ ಚಿತ್ರದ ಮೂಲೆ ತೂತಿನ ಕಡೆಗೆ ಜಾರಿತು.

“ಅಯ್ಯಯ್ಯೋ!” ಎಂದು ದಾದಿಯಮ್ಮ ತೋಳಿನ ತನಕ ಕೈ ಮುಳುಗಿಸಿ ಅಂಗೈಯನ್ನು ತೂತಿನ ಮೇಲೆ ಒತ್ತಿಬಿಟ್ಟಳು. ಗೊಳಗೊಳ ನಿಂತಿತು. ನೀರು ನಿಂತಿತು. ಅವಳೂ ಅಲ್ಲೇ ನಿಲ್ಲಬೇಕಾಯಿತು.

ಕೈ ತೆಗೆದರೆ ಚಿತ್ರ ಹೋಯಿತು. ಕಾಲಿನಿಂದ ಮಣೆ ಎಳೆದುಕೊಂಡು ಕೂತಳು. ನಡುಮನೆಯಲ್ಲಿ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಬಾಗಿಲ ಗಂಟೆ ಬಾರಿಸಿತು.

“ನಾನು ಬರೋ ಹಾಗಿಲ್ಲ!” ಎಂದು ಕೂಗಿದಳು.

“ಯಾಕೆ ದಾದಿಯಮ್ಮ, ಸ್ನಾನ ಮಾಡ್ತಿದೀರಾ?” ಕೆಳಮನೆಯ ಹೆಂಗಸಿನ ಧ್ವನಿ.

“ನಾನಲ್ಲ, ಬಾಲಯೇಸು!”

ಕೆಳಮನೆಯ ಹೆಂಗಸು ಒಂದು ಕ್ಷಣ ನಿಂತು, ಸದ್ದಿಲ್ಲದೆ ಮೆಟ್ಟಿಲು ಇಳಿದುಹೋದಳು.

ನೋಡಲು ಬೇರೇನೂ ಇಲ್ಲದೆ ದಾದಿಯಮ್ಮ ಚಿತ್ರವನ್ನೇ ನೋಡಿದಳು. ನಿಂತು ನೋಡಿದಾಗ ಬರೀ ಕತ್ತಲೆ ಅನ್ನಿಸಿದ್ದು ಹತ್ತಿರದಿಂದ ಕತ್ತಲೆ ಆಗಿರಲಿಲ್ಲ. ಕೂದಲಿನಷ್ಟು ಸಣ್ಣ ಗೆರೆಗಳು ಒಂದರ ಮೇಲೊಂದು ಹೆಣೆದುಕೊಂಡು ಕತ್ತಲೆಯಾಗಿದ್ದವು. ಗೆರೆ ಎಲ್ಲಿ ವಿರಳವಾಗಿತ್ತೋ ಅಲ್ಲಿ ಕೆನ್ನೆ. ಎಲ್ಲಿ ಇಲ್ಲವೇ ಇಲ್ಲವೋ ಅಲ್ಲಿ ಮಗು. ಮಗುವಿನ ತೊಡೆಯ ಮಡಿಕೆ ಮಾತ್ರ ಸರಿಯಾಗಿದೆ, ಆ ಮಡಿಕೆಯನ್ನು ಅವನು ಎಲ್ಲೋ ನೋಡಿಯೇ ಬರೆದಿದ್ದಾನೆ ಎಂದುಕೊಂಡಳು. ನಾಯಿ ಕೂಡ, ಇಷ್ಟು ಹತ್ತಿರದಿಂದ, ಕುರಿಮರಿಯೇ ಆಗಿತ್ತು.

ಅವಳ ಕೈಯ ಪಕ್ಕದಲ್ಲೇ ಆ ಕಂದು ತೇಪೆ ಇತ್ತು. ನೀರಿನ ಸೆಳೆತಕ್ಕೋ, ಇಷ್ಟು ದಿನ ನೆಂದದ್ದಕ್ಕೋ, ಅದರ ಒಂದು ಅಂಚು ಎದ್ದು ತೇಲುತ್ತಿತ್ತು. ಅಂಚಿನ ಕೆಳಗೆ ಏನೋ ಬೆಳ್ಳಗೆ ಕಂಡಿತು. ದಾದಿಯಮ್ಮ ಮೂಗು ನೀರಿಗೆ ತಾಗುವಷ್ಟು ಬಗ್ಗಿದಳು. ಅದೊಂದು ಮೊಣಕೈ. ಮೇಲಕ್ಕೆ ಮಡಚಿದ ಅಂಗಿಯ ತೋಳು, ಅದರ ಕೆಳಗೆ ಬರಿಯ ಮೊಣಕೈ.

ಅಷ್ಟರಲ್ಲಿ ಡ್ರೈವರಪ್ಪ ಬಂದ.

“ಏನೇ ಇದು, ಬಿದ್ದೆಯಾ?”

“ಬಿದ್ದಿಲ್ಲ. ತೂತು ಮುಚ್ಚಿಕೊಂಡು ಕೂತಿದೀನಿ. ಏನಾದ್ರೂ ಬಿರಡೆ ತನ್ನಿ.”

“ಬಿರಡೆ ಎಲ್ಲಿಂದ ತರಲಿ?”

“ಅಷ್ಟು ವರ್ಷ ಬಸ್ ಓಡಿಸಿದೀರಲ್ಲ, ಟೈರಿನ ಗಾಳಿ ಹೋದ್ರೆ ಏನು ಮಾಡ್ತಿದ್ರಿ?”

“ಡಿಪೋಗೆ ಫೋನ್ ಮಾಡ್ತಿದ್ದೆ.”

ಆದರೂ ಅವನು ಕೈಚೀಲದಲ್ಲಿ ಕೈಯಾಡಿಸಿ, ಒಂದು ದೊಡ್ಡ ಆಲೂಗಡ್ಡೆ ತೆಗೆದು, ಚಾಕುವಿನಲ್ಲಿ ಕೆತ್ತಿ ಕೆತ್ತಿ, ಬಟ್ಟೆ ಸುತ್ತಿ ಕೊಟ್ಟ. ದಾದಿಯಮ್ಮ ಕೈ ಸರಿಸುತ್ತಲೇ ಅದನ್ನು ತೂತಿಗೆ ಬಿಗಿದಳು. ಆಲೂಗಡ್ಡೆ ಹಿಡಿದುಕೊಂಡಿತು. ಇಬ್ಬರೂ ಉಸಿರುಬಿಟ್ಟು ತಿರುಗಿದರೆ, ಬಾಗಿಲಲ್ಲಿ ಒತ್ತುಕಾಗದದ ಸುರುಳಿ ಅಪ್ಪಿಕೊಂಡು ಸೊಸೆ ನಿಂತಿದ್ದಳು.

ದಾದಿಯಮ್ಮ ಸುತ್ತಿಬಳಸುವ ಹೆಂಗಸಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಸೊಸೆ ಸುರುಳಿಯನ್ನು ನೆಲಕ್ಕೆ ಎಸೆದಳು.

“ಒಂದು ಮಾತು ನನ್ನನ್ನ ಕೇಳಬಾರದಿತ್ತಾ?”

“ನೀನು ನನ್ನನ್ನ ಕೇಳಿದ್ಯಾ?”

“ಕೇಳಿದೆ! ಭಾನುವಾರ ಕೇಳಿದೆ. ಈ ಮನೇಲಿ ನನ್ನ ಮಾತು ಯಾರ ಕಿವಿಗೂ ಬೀಳಲ್ಲ. ಕಾಗದ ತೊಳೀತಾಳೆ, ಕಾಗದ ತೊಳೀತಾಳೆ ಅಂತ ಕೆಳಮನೆಯವರ ತನಕ ಹೇಳಿಕೊಂಡು ಬಂದಿದೀರಿ. ನಾನು ಏನು ಮಾಡ್ತೀನಿ ಅಂತ ಒಂದು ದಿನ ಕೂತು ನೋಡಿದೀರಾ? ನಿಮ್ಮ ಕೆಲಸ ಒಂದೇ ಕೆಲಸ, ಬೇರೆಯವರದ್ದೆಲ್ಲ ಆಟ!”

“ನನ್ನ ಕೆಲಸ ಎಲ್ಲಿದೆ ಈಗ?” ದಾದಿಯಮ್ಮನ ಧ್ವನಿಯೂ ಏರಿತು. “ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ್ರು. ಬೆಳಿಗ್ಗೆ ಎದ್ರೆ ಹೋಗೋಕೆ ಜಾಗ ಇಲ್ಲ. ನೀವೆಲ್ಲ ನಿಮ್ಮ ನಿಮ್ಮ ಕೆಲಸ ನೋಡಿಕೊಳ್ತೀರಿ, ನಾನು ತಟ್ಟೆ ಜೋಡಿಸ್ತಾ ಕೂತಿರ್ತೀನಿ. ಉಳಿದಿದ್ದು ಸಂಜೆ ಒಂದಿಷ್ಟು ಬಿಸಿನೀರು. ಅದನ್ನೂ ನೀನು ತಗೊಂಡೆ.”

ಇಬ್ಬರೂ ಏದುಸಿರು ಬಿಡುತ್ತ ಒಬ್ಬರನ್ನೊಬ್ಬರು ನೋಡಿದರು. ಡ್ರೈವರಪ್ಪ ಗಂಟಲು ಸರಿಮಾಡಿಕೊಂಡ.

“ಜಗಳ ಆಮೇಲೆ ಆಡಿ. ಆಲೂಗಡ್ಡೆ ಸೋರ್ತಿದೆ.”

ಸೊಸೆ ತಟ್ಟನೆ ಬಗ್ಗಿ ಅದನ್ನು ಇನ್ನಷ್ಟು ಒತ್ತಿದಳು. ನಗು ಬಂದದ್ದನ್ನು ಮರೆಮಾಡಲು ತಲೆ ತಗ್ಗಿಸಿದ್ದು ದಾದಿಯಮ್ಮನಿಗೆ ಕಂಡಿತು.

“ಅದು ಇರಲಿ,” ಎಂದಳು ದಾದಿಯಮ್ಮ, “ಆ ತೇಪೆ ಕೆಳಗೆ ಒಂದು ಮೊಣಕೈ ಇದೆ, ನೋಡು.”

“ಎಲ್ಲಿ? ಅಲ್ಲಿ ಕಾಗದ ಹರಿದುಹೋಗಿದೆ ಅಂದ್ಕೊಂಡಿದ್ದೆ.” ಸೊಸೆ ದೀಪ ಹತ್ತಿರ ಎಳೆದಳು. ಸಣ್ಣ ಕುಂಚ ತಂದು ತೇಪೆಯ ಅಂಚಿಗೆ ನೀರು ಹನಿಸಿದಳು. ಎಳೆಯಲಿಲ್ಲ. ಹನಿಸಿದಳು, ಕಾದಳು, ಮತ್ತೆ ಹನಿಸಿದಳು, ಕಾದಳು. ದಾದಿಯಮ್ಮ ಮಣೆಯ ಮೇಲೆ ಮುಂದಕ್ಕೆ ಬಾಗಿ ಕೂತಳು. “ಅವಸರ ಮಾಡಬೇಡ, ಬರುತ್ತೆ, ಬರುತ್ತೆ” ಎಂದು ತನಗರಿವಿಲ್ಲದೆ ಹೇಳತೊಡಗಿದ್ದಳು. ವಾರ್ಡಿನಲ್ಲಿ ಹೇಳುತ್ತಿದ್ದ ಅದೇ ದನಿ. ಸೊಸೆ ಒಮ್ಮೆ ತಿರುಗಿ ನೋಡಿ, ಮತ್ತೊಂದು ಹನಿ ಬಿಟ್ಟಳು.

ತೇಪೆ ಎಲೆಯ ಹಾಗೆ ಕಳಚಿ ತೇಲಿತು. ಅದರಡಿಯಲ್ಲಿ, ಇಷ್ಟು ಕಾಲ ಬೆಳಕು ಕಾಣದೆ ಅಚ್ಚು ಹೊಸದಾಗಿ ಉಳಿದ ಒಬ್ಬ ಹೆಂಗಸು. ನಡುವಯಸ್ಸು, ಗಟ್ಟಿಮುಟ್ಟು ಆಳು. ಮುಂದೆ ಒಂದು ಬೋಗುಣಿ, ಅದರಿಂದ ಏಳುವ ಹಬೆ, ಪಕ್ಕದಲ್ಲಿ ಮಡಚಿಟ್ಟ ಬಟ್ಟೆ. ಅಂಗಿಯ ತೋಳು ಮೇಲಕ್ಕೆ ಸರಿಸಿ ಮೊಣಕೈಯನ್ನು ನೀರಿಗೆ ತಾಗಿಸಿದ್ದಳು.

ದಾದಿಯಮ್ಮ ಮಣೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಡ್ರೈವರಪ್ಪನೂ ಬಗ್ಗಿ ನೋಡಿದ.

“ಮೊಣಕೈ ಯಾಕೆ ಅದ್ದಿದಾಳೆ?” ಎಂದು ಅವನು ಕೇಳಿದ.

“ಬಿಸಿ ನೋಡೋಕೆ” ಎಂದಳು ದಾದಿಯಮ್ಮ. “ಅಂಗೈಗೆ ಬಿಸಿ ತಿಳಿಯಲ್ಲ, ಕೆಲಸ ಮಾಡಿ ಮರಗಟ್ಟಿರುತ್ತೆ. ಮೊಣಕೈಗೆ ತಿಳಿಯುತ್ತೆ.” ಮತ್ತೆ ಬಗ್ಗಿ ನೋಡಿ ಅಂದಳು: “ಸೂಲಗಿತ್ತಿ ಇದ್ದಳು ಇಲ್ಲೇ. ಇವಳನ್ನ ಮುಚ್ಚಿಟ್ಟಿದ್ರು.”

ಸೊಸೆ ಯೋಸೇಫನ ಕಡೆ ಬೆರಳು ತೋರಿಸಿದಳು. ಮುಖ ಊದಿಸಿಕೊಂಡು ತಿರುಗಿದ್ದಾನೆ ಅಂದುಕೊಂಡಿದ್ದ ಆ ಮನುಷ್ಯ ಈ ಹೆಂಗಸಿನ ಕಡೆಗೇ ಲಾಟೀನು ಹಿಡಿದಿದ್ದ. ಅವಳಿಗೆ ಬೆಳಕು ಕಾಣಲೆಂದು.

ಅವತ್ತಿನಿಂದ ಬಚ್ಚಲಿನಲ್ಲಿ ಎರಡು ಮಣೆಗಳಾದವು. ಮಗ ಅಂಗಡಿಯಿಂದ ಭೂತಗನ್ನಡಿ ತಂದುಕೊಟ್ಟ. ಸಂಜೆ ಎಲ್ಲರೂ ಅದಕ್ಕಾಗಿ ಕಿತ್ತಾಡಿದರು. ಮೊಮ್ಮಗಳು ಮೋಡದಲ್ಲಿ ಇನ್ನೊಬ್ಬ ದೇವದೂತನನ್ನು ಹುಡುಕಿಕೊಟ್ಟಳು. ಅವನು ಮೂಗು ಮುಚ್ಚಿಕೊಂಡಿದ್ದ, ಕೊಟ್ಟಿಗೆಯ ನಾತಕ್ಕೋ ಏನೋ. ಚಿತ್ರವನ್ನು ನೀರಿನಿಂದ ಎತ್ತುವ ದಿನ ಬಂದಾಗ ಗ್ರಂಥಾಲಯದ ಗೆಳತಿ ಬರುತ್ತೇನೆಂದವಳು ಜ್ವರ ಬಂದು ಬರಲಿಲ್ಲ. ಒದ್ದೆ ಕಾಗದ ಎತ್ತಲು ನಾಲ್ಕು ಕೈ ಬೇಕೇ ಬೇಕು.

“ನಿಮ್ಮ ಕೈ ಕೊಡ್ತೀರಾ ಅತ್ತೆ?”

“ಹೇಗೆ ಹಿಡೀಬೇಕು ಹೇಳು. ನಾನು ಹೇಳಿದ ಹಾಗೆ ಅಲ್ಲ, ನೀನು ಹೇಳಿದ ಹಾಗೆ.”

ಸೊಸೆ ಹೇಳಿದಳು. ದಾದಿಯಮ್ಮ ಮೊದಲ ಸಲ ತಪ್ಪು ತುದಿ ಹಿಡಿದಳು, ಬೈಸಿಕೊಂಡಳು, ಸರಿಪಡಿಸಿಕೊಂಡಳು. ಒಟ್ಟಿಗೆ ಉಸಿರೆಳೆದು ಎತ್ತಿದರು. ನೀರು ಧಾರೆಧಾರೆಯಾಗಿ ಇಳಿಯಿತು. ಭಾರವಾಗಿ ಜೋಲುವ ಆ ಹಾಳೆ ಹಿಂದಿನ ಕೋಣೆಯ ಒತ್ತುಕಾಗದದ ಹಾಸಿಗೆ ಮುಟ್ಟುವ ತನಕ ಇಬ್ಬರೂ ಒಂದೊಂದೇ ಹೆಜ್ಜೆ ಇಟ್ಟರು. ಮಲಗಿಸಿದ ಮೇಲೆ ಸೊಸೆ ನೆಲಕ್ಕೆ ಕುಸಿದು ಕೂತು ನಕ್ಕಳು. ದಾದಿಯಮ್ಮ ಅವಳಿಗೆ ಸಿಹಿ ಹಾಕಿ ಚಹಾ ಮಾಡಿಕೊಟ್ಟಳು. ಬಾಣಂತಿಯರಿಗೆ ಕೊಡುವಷ್ಟು ಸಿಹಿ.

ಚಿತ್ರ ಹಲಗೆಗಳ ನಡುವೆ ಒಣಗಿ ಚಪ್ಪಟೆಯಾದ ಮೇಲೆ ಚರ್ಚಿನ ಪಾದ್ರಿ ನೋಡಲು ಬಂದರು. ತೆಳ್ಳನೆ, ಮೆತ್ತನೆ ಮಾತಿನ ಮುದುಕರು. ಬೆಳ್ಳಗಾದ ಕಾಗದ ನೋಡಿ ಕೈ ಜೋಡಿಸಿದರು. ಆಮೇಲೆ ಅವರ ಕಣ್ಣು ಮೂಲೆಗೆ ಹೋಯಿತು.

“ಇವರು ಯಾರು?”

“ಮೊದಲಿಂದ ಇದ್ದವರೇ ಫಾದರ್” ಎಂದಳು ಸೊಸೆ. “ಯಾರೋ ಮೇಲೆ ತೇಪೆ ಹಾಕಿದ್ರು.”

ಪಾದ್ರಿ ಕುರ್ಚಿಯಲ್ಲಿ ಕೂತು ಹಣೆ ಉಜ್ಜಿಕೊಂಡರು. “ನೋಡಮ್ಮ, ನಮ್ಮ ಸಮಿತಿಯವರು ಇದ್ದ ಹಾಗೇ ರಿಪೇರಿ ಮಾಡಿಸಿ ಅಂದಿದ್ರು. ಧರ್ಮಗ್ರಂಥದಲ್ಲಿ ಇಂಥ ಹೆಂಗಸು ಬರಲ್ಲ. ಹಿಂದಿನವರು ಅದಕ್ಕೇ ಮುಚ್ಚಿರಬೇಕು. ನಾಳೆ ಅವರು ನನ್ನನ್ನ ಕೇಳ್ತಾರೆ. ಆ ತೇಪೆ ಮತ್ತೆ ಹಾಕೋಕೆ ಆಗಲ್ವಾ?”

“ಆಗುತ್ತೆ. ನಾನು ಹಾಕಲ್ಲ.” ಸೊಸೆ ಚಿತ್ರದ ಹಲಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. “ಚೆನ್ನಾಗಿರೋ ಗೆರೆ ಮೇಲೆ ಗೋಂದು ಬಳಿಯೋದು ನನ್ನ ಕೈಲಿ ಆಗಲ್ಲ ಫಾದರ್. ಬೇಕಾದ್ರೆ ಬೇರೆಯವರ ಹತ್ತಿರ ಮಾಡಿಸಿ.”

ಅಡುಗೆಮನೆಯಲ್ಲಿ ಮಗ ಹಣೆ ಚಚ್ಚಿಕೊಂಡ. ಗೋಡೆ ತುಂಬ ಇದ್ದ ಚಿತ್ರಗಳೆಲ್ಲ ಒಂದೊಂದಾಗಿ ಕೈಬಿಟ್ಟು ಹೋಗುವುದು ಅವನ ಕಣ್ಣಿಗೆ ಕಾಣುತ್ತಿತ್ತು. ದಾದಿಯಮ್ಮ ಪಾದ್ರಿಗಳ ಮುಂದೆ ಚಹಾ ಇಟ್ಟು ಎದುರಿಗೆ ಕೂತಳು. ಜಗಳಕ್ಕೆ ಸೊಂಟ ಕಟ್ಟಿ ಬಂದವಳು ಆ ಮುದುಕರ ಸವೆದ ಕಾಲರು ನೋಡಿ ಮೆತ್ತಗಾದಳು.

“ಅಜ್ಜಿ, ಕತ್ತೆ ವಿಷಯ ಕೇಳಿ” ಎಂದು ಬಾಗಿಲ ಬಳಿಯಿಂದ ಮೊಮ್ಮಗಳು ಪಿಸುಗುಟ್ಟಿದಳು. ಅವಳು ಹಿಂದಿನ ದಿನವೇ ಬೈಬಲಿನಲ್ಲಿ ಯೇಸು ಹುಟ್ಟಿದ ಅಧ್ಯಾಯ ಓದಿ ಅಜ್ಜಿಗೆ ಹೇಳಿದ್ದಳು.

“ಫಾದರ್, ಕತ್ತೆ ಬರುತ್ತಾ ಅದರಲ್ಲಿ?”

ಪಾದ್ರಿ ಯೋಚಿಸಿದರು. “ಹುಟ್ಟಿದ ಸಂದರ್ಭದಲ್ಲಿ... ಇಲ್ಲ. ಕತ್ತೆ ಬರಲ್ಲ.”

“ಹಸು?”

“ಅದೂ ಬರಲ್ಲ.”

“ನಾಯಿ?”

“ಕುರಿಮರಿ ಅತ್ತೆ” ಎಂದಳು ಸೊಸೆ.

“ಕುರಿಮರಿ. ಕತ್ತೆಗೆ ಜಾಗ ಕೊಟ್ಟಿದೀರಿ, ಹಸುಗೆ ಕೊಟ್ಟಿದೀರಿ. ಮಗುಗೆ ನೀರು ಕಾಸಿದವಳಿಗೆ ಇಷ್ಟು ಮೂಲೆ ಕೊಡಬಾರದಾ ಫಾದರ್? ಅವಳು ಬೆಳಕಿನ ನಡುವೆ ಬಂದು ಕೂತಿಲ್ಲ. ತನ್ನ ಪಾಡಿಗೆ ತಾನು ಕೆಲಸ ಮಾಡ್ತಿದಾಳೆ.”

ಪಾದ್ರಿ ಮೂಲೆಯನ್ನು ನೋಡಿದರು, ದಾದಿಯಮ್ಮನನ್ನು ನೋಡಿದರು, ಇದ್ದಕ್ಕಿದ್ದಂತೆ ನಗತೊಡಗಿದರು. ತಟ್ಟೆಯ ತುಂಬ ಚಹಾ ಚೆಲ್ಲಿತು.

“ಸಮಿತಿಗೂ ಇದನ್ನೇ ಹೇಳ್ತೀನಿ. ಕತ್ತೆಯನ್ನ ಮುಂದೆ ಬಿಟ್ಟೇ ಮಾತು ಶುರುಮಾಡ್ತೀನಿ” ಎಂದು ಕಣ್ಣೊರಸಿಕೊಂಡರು. “ಒಪ್ತಾರೋ ಬಿಡ್ತಾರೋ, ನನಗೆ ಗೊತ್ತಿಲ್ಲ.”

ಸಮಿತಿ ಸೇರುವ ತನಕ ಸೊಸೆಗೆ ಊಟ ಸೇರಲಿಲ್ಲ. ದಾದಿಯಮ್ಮ ಅವಳ ಮುಂದೆ ತಟ್ಟೆ ಇಟ್ಟು, “ತಿನ್ನು. ಹೆದರಿಕೆ ಖಾಲಿ ಹೊಟ್ಟೆಲೇ ಜಾಸ್ತಿ ಕುಣಿಯೋದು” ಎಂದು ಗದರಿದಳು. ಮಗನೂ ಒಂದು ಸಂಜೆ ಹೆಂಡತಿಯ ಪಕ್ಕ ಕೂತು, ಬೆರಳಲ್ಲಿ ಮೇಜು ಗೀಚುತ್ತ, “ನೀನು ಹಾಕಲ್ಲ ಅಂದಿದ್ದು ಸರಿ. ನನಗೆ ಹೆದರಿಕೆ ಆಯ್ತು, ಆದ್ರೂ ಸರಿ” ಅಂದ. ಅವನ ಬಾಯಿಂದ ಅಷ್ಟು ಹೊರಟದ್ದೇ ದೊಡ್ಡದು.

ಫೋನು ಬಂದಾಗ ಎತ್ತಿದವನು ಡ್ರೈವರಪ್ಪ. “ಹೂಂ... ಹೂಂ... ಸರಿ” ಎಂದು ಇಟ್ಟುಬಿಟ್ಟು, ಎಲ್ಲರ ಜೀವ ಹಿಂಡಿ, ಕೊನೆಗೆ ಹೇಳಿದ: “ಹೆಂಗಸು ಇರಲಿ ಅಂತೆ. ಸಮಿತಿಯಲ್ಲಿ ಇರೋ ಹೆಂಗಸರೆಲ್ಲ ಎದ್ದು ನಿಂತು ಹಾಗಂದ್ರಂತೆ. ಚಿತ್ರಕ್ಕೆ ಗಾಜು ಹಾಕಿಸಿ ಮುಂದಿನ ಬಾಗಿಲ ಹತ್ತಿರವೇ ಹಾಕ್ತಾರಂತೆ.”

ಸೊಸೆ ಕೂಗಿಕೊಂಡು ಅತ್ತೆಯನ್ನು ಅಪ್ಪಿದಳು. “ಮಂಡಿ, ಮಂಡಿ!” ಎಂದು ದಾದಿಯಮ್ಮ ಅರಚಿದಳು.

ಚಿತ್ರ ಗೋಡೆಗೆ ಏರಿದ ವಾರವೇ ಜನ ಬಂದು ನೋಡಿದರು. ಮಗುವನ್ನು ನೋಡಿದರು, ದೇವದೂತರನ್ನು ನೋಡಿದರು, ಆಮೇಲೆ ಬಗ್ಗಿ ಮೂಲೆಯನ್ನು ನೋಡಿ ಪಕ್ಕದವರನ್ನು ತಿವಿದರು. ರಿಪೇರಿ ಮಾಡಿದವರು ಯಾರು ಎಂದು ಕೇಳಿದವರಿಗೆಲ್ಲ ಪಾದ್ರಿ ಮನೆ ತೋರಿಸಿ ಕಳಿಸಿದರು.

ಹಾಗೆ ಒಂದು ಬೆಳಿಗ್ಗೆ ಮನೆಯ ಗಂಟೆ ಬಾರಿಸಿತು. ದಾದಿಯಮ್ಮ ತೆರೆದಳು. ಹೊರಗೆ ಒಬ್ಬ ತರುಣಿ, ಮಣಿಕಟ್ಟಿಗೆ ನೇತುಹಾಕಿದ ಕೊಡೆ, ತೋಳಲ್ಲಿ ಹಳೆಯ ದುಪ್ಪಟಿಯಲ್ಲಿ ಸುತ್ತಿದ ಏನೋ. ಸುತ್ತಿದ್ದನ್ನು ಎದೆಗೆ ಒತ್ತಿಕೊಂಡು ಗಾಬರಿಯಿಂದ ನಿಂತಿದ್ದಳು.

“ಇಲ್ಲಿ... ಕಾಗದ ಸರಿ ಮಾಡೋರು... ನಮ್ಮಜ್ಜನ ಕಾಲದ ಚಿತ್ರ, ಎಲ್ಲ ಹೋಗೇಬಿಡ್ತು ಅನ್ನಿಸುತ್ತೆ...”

ದಾದಿಯಮ್ಮ ದುಪ್ಪಟಿಯ ಒಂದು ತುದಿ ಸರಿಸಿ ಇಣುಕಿದಳು.

“ಯಾವಾಗ ನೀರು ಬಿದ್ದದ್ದು?”

“ಮೊನ್ನೆ. ಕೊಳವೆ ಒಡೆದು...”

“ಮೊನ್ನೆ ಬಿದ್ದದ್ದಕ್ಕೆ ಇವತ್ತು ಬಂದಿದೀಯಾ? ಅವತ್ತೇ ಬರಬಾರದಿತ್ತಾ? ಹೋಗಲಿ, ಅಳಬೇಡ. ಇದಕ್ಕಿಂತ ಕಷ್ಟದ್ದು ನೋಡಿದೀವಿ ನಾವು. ಗಟ್ಟಿಯಾಗಿ ಹಿಡೀಬೇಡ, ಕೆಳಗಿಂದ ಕೈ ಕೊಡು. ಹಾಂ, ಹಾಗೆ. ಕೊಡೆ ಆಚೆ ಇಡು, ಒಳಗೆ ಬಾ, ಕೂತ್ಕೋ.”

ಅಂಗಿಯ ತೋಳು ಮೇಲಕ್ಕೆ ಸರಿಸಿಕೊಳ್ಳುತ್ತ ಹಿಂದಿನ ಕೋಣೆಯ ಕಡೆ ತಿರುಗಿ, ಹೆರಿಗೆ ವಾರ್ಡಿನ ದನಿಯಲ್ಲಿ ಮನೆಯೆಲ್ಲ ಕೇಳುವಂತೆ ಕೂಗಿದಳು:

“ಲೇ, ಬೇಗ ಬಾ! ಕೇಸ್ ಬಂದಿದೆ!”